ಸಾವನದುರ್ಗದ ‘ಈಸಿ’ ಸ್ಲ್ಯಾಬ್: ಜಿಮ್ಮಿಂದ ಸೀದಾ ಬಂಡೆಗೆ ಹೋಗ್ಬಹುದಾ?

ಪ್ರಶ್ನೆ: ಸರ್, ನಾವು ಮೂರು ಜನ ಬೆಂಗಳೂರಲ್ಲಿ ಕೆಲಸ ಮಾಡೋರು, ಒಂದು ವರ್ಷದಿಂದ ಜಿಮ್ ವಾಲ್‌ನಲ್ಲಿ ಕ್ಲೈಂಬ್ ಮಾಡ್ತಿದ್ದೀವಿ, ಕಷ್ಟದ ಗ್ರೇಡಲ್ಲಿ 6ಬಿ ತನಕ ಆಗತ್ತೆ. ಸಾವನದುರ್ಗದಲ್ಲಿ ಗ್ರೇಡ್ 5ರ ಉದ್ದದ ಸ್ಲ್ಯಾಬ್ (ಓರೆಯಾಗಿ ಮಲಗಿರೋ ಬಂಡೆ) ರೂಟ್‌ಗಳಿವೆ, ನಿಮಗೆ ನೀರು ಕುಡಿದಷ್ಟು ಸಲೀಸು ಅಂತ ಒಬ್ಬ ಫ್ರೆಂಡ್ ಹೇಳ್ತಾನೆ. ಬೆಳಗ್ಗೆ ಟಿಕೆಟ್ ಕೌಂಟರ್ ತೆಗೆಯೋಕೆ ಮುಂಚೆನೇ ಹೋಗ್ಬಿಟ್ರೆ ಯಾರೂ ಕೇಳಲ್ಲ, ಕೇಳಿದ್ರೂ ಟ್ರೆಕ್ಕಿಂಗ್ ಟಿಕೆಟ್ ತೋರಿಸಿದ್ರೆ ಆಯ್ತು ಅಂತಾನೆ. ನಮ್ಮ ಹತ್ರ 60 ಮೀಟರ್‌ದು ಒಂದು ರೋಪ್ ಇದೆ. ಹೋಗ್ಬಹುದಾ? ಜಿಮ್‌ಗೆ ಹಾಕೋ ಶೂನೇ ಸಾಕಾ?

ಉತ್ತರ: ಮೂರೂ ಜನ ನೀವೇ, ಒಂದೇ ರೋಪಲ್ಲಿ, ಕತ್ತಲಲ್ಲಿ ಕದ್ದು ಹೋಗೋದು, ಇದು ಬೇಡ. ಸಾವನದುರ್ಗನೇ ಬೇಡ ಅಂತ ಹೇಳ್ತಿಲ್ಲ, ಬೆಂಗಳೂರಿಂದ ಹೆಚ್ಚುಕಮ್ಮಿ 60 ಕಿಲೋಮೀಟರ್ ದೂರದಲ್ಲಿ ಅಷ್ಟು ಉದ್ದದ ಸ್ಲ್ಯಾಬ್ ಇಟ್ಕೊಂಡು ಹತ್ತಬೇಡಿ ಅನ್ನೋಕೆ ನಂಗೂ ಮನಸ್ಸು ಬರಲ್ಲ. ಆದ್ರೆ ನಿಮ್ಮ ಫ್ರೆಂಡ್ ಹೇಳಿರೋ ‘ಸಲೀಸು’ ಯಾವ ಲೆಕ್ಕದ್ದು ಅಂತ ಮೊದಲು ನೋಡ್ಬೇಕು.

ಗ್ರೇಡ್ 5 ಅಂದ್ರೆ ಆ ರೂಟಲ್ಲಿರೋ ಮೂವ್‌ಗಳು ಎಷ್ಟು ಕಷ್ಟ ಅನ್ನೋದಷ್ಟೇ. ರೋಪ್ ಸಿಕ್ಕಿಸೋಕೆ ಬಂಡೆಗೆ ಹೊಡೆದಿರೋ ಬೋಲ್ಟ್‌ಗಳು ಎಷ್ಟು ದೂರದೂರ ಇವೆ, ಬಿದ್ರೆ ಏನಾಗತ್ತೆ, ಅರ್ಧದಲ್ಲಿ ವಾಪಸ್ ಇಳಿಯೋಕೆ ದಾರಿ ಇದ್ಯಾ, ಬಿಸಿಲು ಎಷ್ಟು ಹೊತ್ತಿಗೆ ಬೀಳತ್ತೆ, ಇದ್ಯಾವುದನ್ನೂ ಆ ನಂಬರ್ ಹೇಳಲ್ಲ. ಜಿಮ್ಮಲ್ಲಿ ಇವೆಲ್ಲ ಮೊದಲೇ ಯಾರೋ ಸರಿ ಮಾಡಿಟ್ಟಿರ್ತಾರೆ, ಅದಕ್ಕೆ ಅಲ್ಲಿ ಗ್ರೇಡ್ ನೋಡ್ಕೊಂಡ್ರೆ ಸಾಕಾಗತ್ತೆ. ಸಾವನದುರ್ಗದಲ್ಲಿ ಗ್ರೇಡ್ ಅನ್ನೋದು ಕೊನೆಗೆ ನೋಡೋ ವಿಷಯ.

ಬಂಡೆ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಕಾಲು ಎಲ್ಲಿಡಬೇಕು ಅನ್ನೋದೂ ಗೊತ್ತಾಗತ್ತೆ. ಇದು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೇದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತಿದ್ರು, ಹೆಸರು ಅಲ್ಲಿಂದ ಬಂತು. ಇಲ್ಲಿಂದ ಉತ್ತರಕ್ಕೆ ಉದ್ದ ಪಟ್ಟಿ ತರ ಹೋಗತ್ತೆ ಈ ಕಲ್ಲು. ಹತ್ರ ಹೋಗಿ ನೋಡಿದ್ರೆ ಬಹಳ ಕಡೆ ಗುಲಾಬಿ ಬಣ್ಣದ ದಪ್ಪ ದಪ್ಪ ಹರಳು ಕಾಣತ್ತೆ, ಅದು ಫೆಲ್ಡ್‌ಸ್ಪಾರ್. ಮಳೆ ಗಾಳಿಗೆ ಸುತ್ತಲಿನ ಕಲ್ಲು ಸವೆದು ಹರಳು ಒಂದೆರಡು ಮಿಲಿಮೀಟರ್ ಎದ್ದು ನಿಂತಿರತ್ತೆ, ಸ್ಲ್ಯಾಬಲ್ಲಿ ಅದೇ ನಿಮ್ಮ ಮೆಟ್ಟಿಲು. ಜಿಮ್ಮಲ್ಲಿ ಬಣ್ಣದ ಹೋಲ್ಡ್ ಹುಡುಕಿ ಅಭ್ಯಾಸ ಆದವರಿಗೆ ಇಲ್ಲಿ ಮೊದಲ ಅರ್ಧ ಗಂಟೆ ‘ಹಿಡ್ಕೊಳೋಕೆ ಏನೂ ಇಲ್ವಲ್ಲ’ ಅನ್ಸತ್ತೆ, ಮತ್ತೆ ನಿಜವಾಗ್ಲೂ ಏನೂ ಇರಲ್ಲ. ಕೈಗೆ ಕೆಲಸ ಇಲ್ಲ, ಎಲ್ಲಾ ಕಾಲಿಂದೇ.

ಹೆಚ್ಚು ಜನ ಇಲ್ಲಿ ಮಾಡೋ ತಪ್ಪು ಏನಂದ್ರೆ ಹೆದರಿಕೆ ಆದಾಗ ಬಂಡೆಗೆ ಎದೆ ಒತ್ತಿ ಅಪ್ಕೊಳ್ಳೋದು. ಹಂಗೆ ಮಾಡಿದ ತಕ್ಷಣ ಮೈ ಭಾರ ಕಾಲ ಮೇಲಿಂದ ತಪ್ಪಿ ಶೂ ಜಾರತ್ತೆ. ಸೊಂಟ ಬಂಡೆಯಿಂದ ಹೊರಗಿರಬೇಕು, ನೇರವಾಗಿ ಪಾದದ ಮೇಲೆ ಇರಬೇಕು, ಹಿಮ್ಮಡಿ ಕೆಳಗೆ ಇಳಿಸ್ಬೇಕು, ಆಗ ಮುಂದಿನ ರಬ್ಬರ್ ಪೂರ್ತಿ ಕಲ್ಲಿಗೆ ತಾಗತ್ತೆ, ಇದನ್ನೇ ಸ್ಮಿಯರ್ ಅನ್ನೋದು. ಹೆಜ್ಜೆ ಚಿಕ್ಕದಾಗಿಡಿ, ಒಂದು ದೊಡ್ಡ ಹೆಜ್ಜೆ ಇಡೋ ಕಡೆ ಮೂರು ಸಣ್ಣ ಹೆಜ್ಜೆ ಇಡಿ. ಕೈ ಎದೆಯ ಮಟ್ಟದಲ್ಲಿ ಅಂಗೈ ಒತ್ತಿದ್ರೆ ಸಾಕು, ತಲೆ ಮೇಲೆ ಚಾಚ್ಬೇಡಿ, ಚಾಚಿದ್ರೆ ಮತ್ತೆ ಎದೆ ಬಂಡೆಗೆ ಹೋಗತ್ತೆ. ಇಟ್ಟ ಕಾಲನ್ನ ನಂಬಿ ಭಾರ ಹಾಕಿ, ಅರ್ಧಂಬರ್ಧ ಭಾರ ಹಾಕಿದ ಕಾಲೇ ಜಾರೋದು. ಬಾಯಲ್ಲಿ ಹೇಳಿದ್ರೆ ನಗು ಬರತ್ತೆ, ಮೇಲೆ ನಿಂತು ಕಾಲು ಗಡಗಡ ನಡುಗುವಾಗ ಅರ್ಥ ಆಗತ್ತೆ. ಪದರ ಪದರ ಎದ್ದಿರೋ ಕಲ್ಲಿನ ಚಪ್ಪಡಿ ಸಿಕ್ರೆ ಕೈಯಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಅದನ್ನ ಎಳೀಬೇಡಿ, ಗ್ರಾನೈಟ್ ಹಂಗೇ ಸಿಪ್ಪೆ ಬಿಡೋ ಕಲ್ಲು, ಕೆಳಗೆ ಬಿಲೇ ಮಾಡ್ತಿರೋನ (ನಿಮ್ಮ ರೋಪ್ ಹಿಡ್ಕೊಂಡಿರೋನ) ತಲೆ ಮೇಲೆ ಬೀಳತ್ತೆ. ಹೆಲ್ಮೆಟ್ ಎಲ್ಲರಿಗೂ, ಇದ್ರಲ್ಲಿ ವಾದ ಇಲ್ಲ.

ಈಗ ಬೀಳೋ ವಿಷಯ. ಮಲ್ಟಿಪಿಚ್, ಅಂದ್ರೆ ಒಂದು ರೋಪಲ್ಲಿ ಹತ್ತೋವಷ್ಟು ಉದ್ದದ ಹಂತಗಳನ್ನ (ಪಿಚ್) ಒಂದಾದ್ಮೇಲೊಂದು ಹತ್ತೋ ಸ್ಲ್ಯಾಬ್ ರೂಟ್‌ಗಳಲ್ಲಿ, ಸುಲಭದ ಕಡೆ ಬೋಲ್ಟ್‌ಗಳು ದೂರದೂರ ಇರತ್ತೆ, ಹಾಕಿದವರು ‘ಇಲ್ಲಿ ಯಾರು ಬೀಳ್ತಾರೆ’ ಅಂದ್ಕೊಂಡಿರ್ತಾರೆ. ಕೊನೆ ಬೋಲ್ಟಿಂದ 8 ಮೀಟರ್ ಮೇಲೆ ನೀವು ಜಾರಿದ್ರೆ ಆ ಬೋಲ್ಟ್ ತನಕ 8, ಅದರ ಕೆಳಗೆ ಇನ್ನೊಂದು 8, ಜೊತೆಗೆ ರೋಪ್ ಹಿಗ್ಗೋದು, ಸಡಿಲ ಇದ್ದಿದ್ದು ಎಲ್ಲಾ ಸೇರಿ ಹತ್ತಿರತ್ತಿರ 18 ಮೀಟರ್. ಓವರ್‌ಹ್ಯಾಂಗಲ್ಲಿ (ಹೊರಚಾಚಿದ ಬಂಡೆಯಲ್ಲಿ) ಬಿದ್ರೆ ಗಾಳಿಯಲ್ಲಿ ತೂಗಾಡ್ತೀರ ಅಷ್ಟೆ, ಇಲ್ಲಿ ಅಷ್ಟೂ ದೂರ ಕಲ್ಲಿಗೆ ಮೈ ಉಜ್ಕೊಂಡು ಬರ್ತೀರ, ಅಂಗೈ ಮೊಣಕಾಲು ಚರ್ಮ ಉಳಿಯಲ್ಲ, ಪಾದ ಸಿಕ್ಕಾಕ್ಕೊಂಡ್ರೆ ಕಾಲಿನ ಗಿಣ್ಣು ಮುರಿಯಬಹುದು. ಅದಕ್ಕೇ ನಾನು ಹೇಳೋದು, ಜಿಮ್ಮಲ್ಲಿ 6ಬಿ ಹತ್ತೋರು ಸ್ಲ್ಯಾಬಲ್ಲಿ ಮೊದಲ ಸಲ ಲೀಡ್ ಮಾಡಬಾರದು, ಅಂದ್ರೆ ಮುಂದೆ ಹತ್ತಬಾರದು, ಅವರ ಹಿಂದೆ ಸೆಕೆಂಡ್ ಆಗಿ ಹೋಗ್ಬೇಕು. ಸೆಕೆಂಡಿಗೆ ರೋಪ್ ಮೇಲಿಂದ ಬರತ್ತೆ, ಜಾರಿದ್ರೂ ರೋಪ್ ಹಿಗ್ಗೋವಷ್ಟೇ ಕೆಳಗೆ ಬರ್ತೀರ. ಒಂದು ವಿನಾಯಿತಿ, ರೂಟ್ ಅಡ್ಡಡ್ಡ ಹೋಗೋ ಕಡೆ ಸೆಕೆಂಡೂ ಲೋಲಕದ ತರ ಬೀಸ್ಕೊಂಡು ಹೋಗ್ತಾನೆ, ಅಲ್ಲಿ ಲೀಡರ್ ಕಷ್ಟದ ಮೂವ್ ಆದ್ಮೇಲೂ ಒಂದು ಬೋಲ್ಟ್ ಕ್ಲಿಪ್ ಮಾಡಿ ಹೋಗ್ಬೇಕು, ತನಗೆ ಬೇಕಾಗಿಲ್ಲ ಅಂದ್ರೂ.

ನಿಮ್ಮ ಪ್ರಶ್ನೆಯಲ್ಲಿ ನಂಗೆ ಅತಿ ಹೆಚ್ಚು ಭಯ ಆಗಿದ್ದು ಆ ಒಂದೇ ರೋಪ್ ವಿಷಯ ನೋಡಿ. 60 ಮೀಟರ್ ರೋಪಲ್ಲಿ ರಾಪೆಲ್ ಮಾಡಿ, ಅಂದ್ರೆ ರೋಪ್ ಮೇಲೆ ಜಾರ್ಕೊಂಡು, ಇಳಿದು ಆಮೇಲೆ ಕೆಳಗಿಂದ ಎಳ್ಕೋಬೇಕು ಅಂದ್ರೆ ರೋಪ್ ಅರ್ಧಕ್ಕೆ ಮಡಚಬೇಕು, ಅಂದ್ರೆ 30 ಮೀಟರ್ ಮಾತ್ರ ಇಳೀಬಹುದು. ಪಿಚ್‌ಗಳು 40-45 ಮೀಟರ್ ಇದ್ರೆ ಕೆಳಗಿನ ಆಂಕರ್ (ರೋಪ್ ಕಟ್ಟಿ ನಿಲ್ಲೋ ಜಾಗ) ತನಕ ನೀವು ತಲುಪೋದೇ ಇಲ್ಲ. ಮೂರನೇ ಪಿಚ್ಚಲ್ಲಿ ಒಬ್ಬನಿಗೆ ತಲೆ ಸುತ್ತು ಬಂತು, ಅಥವಾ ಮೋಡ ಕಟ್ತು, ಇಲ್ಲಾ ಮುಂದಿನ ಪಿಚ್ ಆಗ್ತಿಲ್ಲ, ಆಗ ಮೇಲೂ ಹೋಗೋ ಹಾಗಿಲ್ಲ ಕೆಳಗೂ ಬರೋ ಹಾಗಿಲ್ಲ. ಎರಡು ರೋಪ್ ಇದ್ರೆ ಗಂಟು ಹಾಕಿ ಪೂರ್ತಿ ಪಿಚ್ ಇಳೀಬಹುದು, ಮತ್ತೆ ಮೂರು ಜನ ಹತ್ತೋಕೂ ಎರಡು ರೋಪ್ ಇದ್ರೇನೇ ಸರಿಹೋಗೋದು, ಲೀಡರ್ ಎರಡೂ ಎಳ್ಕೊಂಡು ಹೋಗಿ ಇಬ್ಬರನ್ನೂ ಹತ್ತಿಸ್ಕೊಳ್ತಾನೆ. ರಾಪೆಲ್ ಮಾಡುವಾಗ ಕೈ ಬಿಟ್ರೂ ತಡೆಯೋ ಪ್ರುಸಿಕ್ ಗಂಟು ಹಾಕಿ, ರೋಪಿನ ಎರಡೂ ತುದಿಗೆ ಗಂಟು ಹಾಕಿ.

ಟೈಮ್ ಲೆಕ್ಕನೂ ಹಾಕ್ಕೊಳಿ. ಹೊಸ ಮೂರು ಜನಕ್ಕೆ ಒಂದು ಪಿಚ್ಚಿಗೆ ಮುಕ್ಕಾಲು ಗಂಟೆ ಅಂತ ಹಿಡಿದ್ರೆ ಆರು ಪಿಚ್ಚಿಗೆ ನಾಲ್ಕೂವರೆ ಗಂಟೆ. ಬೆಳಗ್ಗೆ ಎಂಟಕ್ಕೆ ಶುರು ಮಾಡಿದ್ರೂ ಮಟಮಟ ಮಧ್ಯಾಹ್ನ ಬಂಡೆ ಮೇಲೆ ಇರ್ತೀರ, ನೆರಳು ಅನ್ನೋದು ಒಂದಂಗುಲ ಇರಲ್ಲ, ಕಲ್ಲು ಕಾದು ಕಾಲು ಸುಡತ್ತೆ, ಕಾದ ಕಲ್ಲಲ್ಲಿ ರಬ್ಬರ್ ಹಿಡಿತನೂ ಕಮ್ಮಿ ಆಗತ್ತೆ. ಆದ್ರಿಂದ ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ, ತಲಾ ಮೂರು ಲೀಟರ್ ನೀರು ಒಯ್ಯಿರಿ. ಏಪ್ರಿಲ್ ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ, ಬೋಳು ಬಂಡೆ ಮೇಲೆ ಅಡಗೋಕೆ ಜಾಗ ಇಲ್ಲ. ಮಳೆ ಬಂದ್ಮೇಲಂತೂ ಬಂಡೆ ಮೇಲೆ ಕಪ್ಪು ಪಟ್ಟೆ ಕಾಣತ್ತಲ್ಲ, ನೀರು ಹರಿದ ಜಾಗ, ಒಣಗಿದಾಗ ಅದು ಒಳ್ಳೇ ಹಿಡಿತ ಕೊಡಬಹುದು, ಒದ್ದೆಯಾದ್ರೆ ಬಾವಿಕಟ್ಟೆ ಮೇಲಿನ ಪಾಚಿನೇ. ಹಿಂದಿನ ದಿನ ಮಳೆ ಬಂದಿದ್ರೂ ಕಾಯಿರಿ.

ಇನ್ನು ಹೆಜ್ಜೇನು. ನಮ್ಮ ಕಡೆ ಬಂಡೆ ಹತ್ತೋರು ಬಿದ್ದು ಸಾಯೋದಕ್ಕಿಂತ ಹೆಚ್ಚು ಹೆದರಬೇಕಾಗಿದ್ದು ಇದಕ್ಕೆ ಅಂತ ನಾನು ಹೇಳ್ತೀನಿ, ಯಾಕಂದ್ರೆ ಬೀಳೋದನ್ನ ತಡೆಯೋಕೆ ರೋಪ್ ಇದೆ. ಬಂಡೆ ಹೊರಚಾಚಿದ ಕಡೆ, ಅದರ ಕೆಳಗೆ, ಅರ್ಧಚಂದ್ರದ ತರ ಕಪ್ಪಗೆ ಜೋತು ಬಿದ್ದಿರತ್ತೆ ಹುಟ್ಟು. ಒಂದು ನೊಣ ಕಚ್ಚಿದ್ರೆ ಅದು ಬಿಡೋ ವಾಸನೆಗೆ ಉಳಿದವು ಎದ್ದು ಬರತ್ತೆ, ನೆಲದ ಮೇಲಿದ್ರೆ ಓಡಬಹುದು, ಆಂಕರಿಗೆ ಕಟ್ಕೊಂಡು ನಿಂತೋನು ಎಲ್ಲಿ ಓಡ್ತಾನೆ? ಹತ್ತೋಕೆ ಮುಂಚೆ ಕೆಳಗೆ ನಿಂತು ಬೈನಾಕ್ಯುಲರಲ್ಲಿ ಇಡೀ ಲೈನ್ ನೋಡಿ, ಹುಟ್ಟು ಕಂಡ್ರೆ ಅವತ್ತು ಆ ರೂಟ್ ಇಲ್ಲ. ಸೆಂಟ್ ಹಾಕ್ಕೊಂಡು ಹೋಗ್ಬೇಡಿ, ಬೆಂಕಿ ಬೀಡಿ ಹೊಗೆ ಬೇಡ, ಕೂಗಾಟ ಬೇಡ, ಪೂರ್ತಿ ತೋಳಿನ ಅಂಗಿ ಹಾಕ್ಕೊಳಿ. ಎದ್ದೇ ಬಿಟ್ರೆ ಕೈ ಬೀಸಬೇಡಿ, ಮುಖ ಕತ್ತು ಮುಚ್ಕೊಂಡು ಆದಷ್ಟು ಬೇಗ ದೂರ ಹೋಗ್ಬೇಕು. ಮುಳ್ಳು ಚರ್ಮದಲ್ಲಿ ಉಳಿದಿರತ್ತೆ, ಉಗುರಲ್ಲಿ ಕೆರೆದು ಬೇಗ ತೆಗೀರಿ, ತುಂಬಾ ಕಚ್ಚಿದ್ರೆ ಅಥವಾ ಉಸಿರಾಟಕ್ಕೆ ತೊಂದ್ರೆ ಆದ್ರೆ ತಡ ಮಾಡದೆ 108.

ಈ ವಾರ ಹುಟ್ಟು ಎಲ್ಲಿದೆ ಅಂತ ನಿಮಗೆ ಯಾವ ಆ್ಯಪೂ ಹೇಳಲ್ಲ, ಕೆಳಗಿನ ಊರವರು ಹೇಳ್ತಾರೆ, ಕುರಿ ಮೇಕೆ ಮೇಯಿಸೋರು, ದೇವಸ್ಥಾನದ ಹತ್ರ ಹೂವು ಕಾಯಿ ಮಾರೋರು, ಅರಣ್ಯ ಇಲಾಖೆ ವಾಚರ್. ಕರಡಿ ಮರಿ ಹಾಕಿದ್ಯಾ, ಚಿರತೆ ಓಡಾಡ್ತಿದ್ಯಾ, ಅದೂ ಅವರಿಗೇ ಗೊತ್ತು. ನಿಮ್ಮ ಫ್ರೆಂಡ್ ಪ್ಲಾನಲ್ಲಿ ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗ್ಬೇಕು ಅಂತಿದೆಯಲ್ಲ, ಹಂಗೆ ಹೋದ್ರೆ ನೀವು ಮಾತಾಡಿಸ್ಲೇಬೇಕಾದ ಜನನೇ ನಿಮಗೆ ಸಿಗಲ್ಲ. ಕರಡಿ ಓಡಾಡೋದೂ ಆ ಕತ್ತಲಲ್ಲೇ.

ಹಾಗೇ ಪರ್ಮಿಷನ್ ವಿಷಯಕ್ಕೆ ಬರೋಣ. ಸಾವನದುರ್ಗ ಅರಣ್ಯ ಇಲಾಖೆ ಜಾಗ, ಅದರ ಎರಡು ಗುಡ್ಡ, ಕರಿಗುಡ್ಡ ಬಿಳಿಗುಡ್ಡ, ಎರಡರ ಸುತ್ತಲೂ ಮೀಸಲು ಅರಣ್ಯ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು ಅಪರಾಧ, ಕೌಂಟರಲ್ಲಿ ಯಾರೂ ಕೂತಿಲ್ಲ ಅಂದ್ರೆ ಕಾಯ್ದೆನೂ ಮಲಗಿದೆ ಅಂತ ಅರ್ಥ ಅಲ್ಲ. ಟ್ರೆಕ್ಕಿಂಗ್ ಟಿಕೆಟ್ ಅಂದ್ರೆ ಜನ ನಡೆದು ಹತ್ತೋ ಗುರುತಿನ ದಾರಿಗೆ ಕೊಟ್ಟಿರೋ ಅನುಮತಿ. ಅದನ್ನ ಹಿಡ್ಕೊಂಡು ಬಂಡೆಯ ಇನ್ನೊಂದು ಮಗ್ಗುಲಿಗೆ ಹೋಗಿ ರೋಪ್ ಬಿಚ್ಚಿದ್ರೆ ನೀವು ಟಿಕೆಟ್ ಇಲ್ಲದವರೇ. ಹತ್ತೋದಕ್ಕೆ ಬೇರೆ ಕೇಳ್ಬೇಕು: ಮಾಗಡಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಮೊದಲೇ ಹೋಗಿ, ಎಷ್ಟು ಜನ, ಯಾವ ದಿನ, ಬಂಡೆಯ ಯಾವ ಭಾಗ, ಎಷ್ಟು ಹೊತ್ತಿಗೆ ಇಳೀತೀವಿ, ತುರ್ತಿಗೆ ಯಾರ ಫೋನ್, ಇಷ್ಟನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಿ, ಸೀಲ್ ಹಾಕಿದ ಪ್ರತಿ ಇಸ್ಕೊಳಿ. ಬೇಗ ಶುರು ಮಾಡ್ಬೇಕಿದ್ರೆ ಅದನ್ನೂ ಅದರಲ್ಲೇ ಕೇಳಿ. ‘ಈಗ ಆಗಲ್ಲ’ ಅಂದ್ರೆ ಆಗಲ್ಲ, ಬೆಂಕಿ ಸೀಸನ್ ಇರ್ಬಹುದು, ಪ್ರಾಣಿ ಓಡಾಟ ಇರ್ಬಹುದು, ವಾದ ಮಾಡಿ ಮುಖ ಕೆಡಿಸ್ಕೊಂಡ್ರೆ ಮುಂದಿನವರಿಗೂ ಬಾಗಿಲು ಮುಚ್ಚತ್ತೆ.

ಮುಚ್ಚತ್ತೆ ಅನ್ನೋದು ಸುಮ್ನೆ ಹೆದರಿಸೋ ಮಾತಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಜನ ನುಗ್ಗಿದ ಫೋಟೋಗಳು ಎಲ್ಲ ಕಡೆ ಓಡಾಡಿದ್ವಲ್ಲ, ಅದಾದ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ರಾಜ್ಯದಾದ್ಯಂತ ತಾತ್ಕಾಲಿಕವಾಗಿ ನಿಲ್ಲಿಸಿದ್ರು, ಆ ವರ್ಷದ ಕೊನೆ ಭಾಗದಲ್ಲಿ ಅರಣ್ಯ ವಿಹಾರ ಅನ್ನೋ ಬುಕಿಂಗ್ ತಾಣ ಬಂತು. ಅಂದ್ರೆ ಒಂದು ಬೆಟ್ಟದಲ್ಲಿ ಆಗಿದ್ದಕ್ಕೆ ಬೇರೆ ಬೆಟ್ಟದವರಿಗೂ ಬಿಸಿ ತಟ್ತು. ಟ್ರೆಕ್ಕಿಂಗ್ ಮಾಡೋರು ಲಕ್ಷಾಂತರ, ಅವರ ದನಿಗೆ ಬೆಲೆ ಇದೆ, ಚಾರಣ ವಾಪಸ್ ಶುರುವಾಯ್ತು. ರೋಪ್ ಹಾಕಿ ಹತ್ತೋರು ನಾವೆಷ್ಟು ಜನ? ನಮ್ಮಲ್ಲಿ ಒಬ್ಬ ಪರ್ಮಿಷನ್ ಇಲ್ಲದೆ ಹೋಗಿ ಕಾಲು ಮುರ್ಕೊಂಡು, ಆ ಬಂಡೆ ಮೇಲಿಂದ ಇಳಿಸೋಕೆ ಅಗ್ನಿಶಾಮಕದವರು ಊರವರು ಎಲ್ಲಾ ಒದ್ದಾಡಿ, ಮರುದಿನ ಪೇಪರಲ್ಲಿ ಬಂದ್ರೆ, ‘ಬಂಡೆ ಹತ್ತೋದು ನಿಷೇಧ’ ಅಂತ ಒಂದು ಬೋರ್ಡ್ ಹಾಕೋದು ಇಲಾಖೆಗೆ ಅತಿ ಸುಲಭದ ದಾರಿ, ಅದನ್ನ ತೆಗೆಸೋಕೆ ಆಮೇಲೆ ವರ್ಷಗಟ್ಟಲೆ ಓಡಾಡ್ಬೇಕು.

ರೋಪ್ ಹಾಕಿ ಹತ್ತೋರಿಗೆ ಪೂರ್ತಿ ಮುಚ್ಚಿರೋ ಜಾಗನೂ ಇದೆ, ಮತ್ತೆ ಅದಕ್ಕೆ ಒಳ್ಳೇ ಕಾರಣನೇ ಇದೆ. ರಾಮನಗರದ ರಾಮದೇವರ ಬೆಟ್ಟ, ಶೋಲೆ ಶೂಟಿಂಗ್ ಆಗಿದ್ದು ಅಂತ ಎಲ್ಲರೂ ಹೋಗ್ತಾರಲ್ಲ, ಅದು 2012ರಿಂದ ರಣಹದ್ದು ವನ್ಯಧಾಮ, 346 ಹೆಕ್ಟೇರ್, ದೇಶದಲ್ಲೇ ಆ ತರದ್ದು ಮೊದಲನೇದು. ಉದ್ದಕೊಕ್ಕಿನ ರಣಹದ್ದು ಅಲ್ಲಿ ಕಡಿದಾದ ಬಂಡೆಯ ಚಾಚಿನ ಮೇಲೆ ಗೂಡು ಮಾಡತ್ತೆ, ವರ್ಷಕ್ಕೆ ಒಂದೇ ಮೊಟ್ಟೆ. ಡೈಕ್ಲೋಫೆನಾಕ್ ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದು ದೇಶಾದ್ಯಂತ ಈ ಹಕ್ಕಿಗಳು ಸತ್ತು ಹೋಗಿ, 2006ರಲ್ಲಿ ಪಶುಗಳಿಗೆ ಅದನ್ನ ಕೊಡೋದನ್ನೇ ನಿಲ್ಲಿಸಬೇಕಾಯ್ತು. ಈ ಬೆಟ್ಟದಲ್ಲಿ ಉಳಿದಿರೋದು ಬೆರಳೆಣಿಕೆ. ಗೂಡಿನ ಹತ್ರ ರೋಪ್ ಹಾಕಿ ಜನ ಕೂಗಾಡಿದ್ರೆ ಹಕ್ಕಿ ಎದ್ದು ಹೋಗತ್ತೆ, ಅಲ್ಲಿಗೆ ಆ ವರ್ಷದ ಮರಿ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಅಲ್ಲಿಗೆ ಅನ್ವಯ ಆಗತ್ತೆ, ಹಳೇ ಟೋಪೋದಲ್ಲಿ (ರೂಟ್ ನಕ್ಷೆಯಲ್ಲಿ) ಎಷ್ಟೇ ಚೆನ್ನಾಗಿರೋ ರೂಟ್ ಕಂಡ್ರೂ ಬಿಟ್ಬಿಡಿ. ಸುತ್ತಲಿನ ಬೇರೆ ಗುಡ್ಡಗಳದ್ದು ಒಂದೊಂದು ಕತೆ, ಒಂದು ಅರಣ್ಯದ್ದು, ಒಂದು ಕಂದಾಯದ್ದು, ಇನ್ನೊಂದರ ಬುಡ ಯಾರದೋ ರಾಗಿ ಹೊಲ. ಯಾರ ಜಾಗ ಅಂತ ತಿಳ್ಕೊಂಡು ಅವರನ್ನೇ ಕೇಳಿ, ‘ಅಣ್ಣ, ಈ ಬದು ಮೇಲೆ ಹೋಗ್ಬಹುದಾ’ ಅಂದ್ರೆ ಬಹಳ ಸಲ ಅವರೇ ದಾರಿ ತೋರಿಸ್ತಾರೆ.

ಸಾವನದುರ್ಗದ ಬುಡದಲ್ಲಿ ವೀರಭದ್ರಸ್ವಾಮಿ ನರಸಿಂಹಸ್ವಾಮಿ ದೇವಸ್ಥಾನಗಳಿವೆ, ಊರವರಿಗೆ ಆ ಬೆಟ್ಟ ಮೊದಲು ದೇವರ ಜಾಗ, ನಿಮ್ಮ ಜಿಮ್ ಆಮೇಲೆ. ದೇವಸ್ಥಾನದ ಮುಂದೆ ನಿಂತು ಬಟ್ಟೆ ಬದಲಾಯಿಸೋದು, ಬ್ಲೂಟೂತ್ ಸ್ಪೀಕರ್ ಹಾಕೋದು, ತೇರಿನ ದಾರಿಗೆ ಅಡ್ಡ ಕಾರ್ ನಿಲ್ಲಿಸೋದು, ಇವೆಲ್ಲ ಕಾಯ್ದೆ ಪುಸ್ತಕದಲ್ಲಿ ಇರಲ್ಲ, ಆದ್ರೆ ಹತ್ತೋರ ಮೇಲೆ ಊರವರಿಗೆ ಸಿಟ್ಟು ಬರೋದು ಹೆಚ್ಚಾಗಿ ಇದರಿಂದಲೇ. ಮೇಲೆ ಹಳೇ ಕೋಟೆ ಗೋಡೆ ಇದೆ, 1791ರ ಡಿಸೆಂಬರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪು ಕೈಯಿಂದ ಕಿತ್ಕೊಂಡ ಕೋಟೆ, ಅದರ ಕಲ್ಲಿಗೆ ಸ್ಲಿಂಗ್ ಪಟ್ಟಿ ಸುತ್ತಿ ಆಂಕರ್ ಮಾಡ್ಬೇಡಿ, ಅದು ತಪ್ಪೂ ಹೌದು, ಗಾರೆ ಬಿಟ್ಟ ಕಲ್ಲು ಅಪಾಯನೂ ಹೌದು.

ಬೋಲ್ಟ್ ಬಗ್ಗೆ ಒಂದು ಮಾತು. ಇರೋ ಬೋಲ್ಟ್‌ಗಳನ್ನ ಕಣ್ಣುಮುಚ್ಚಿ ನಂಬಬೇಡಿ, ಬೋಲ್ಟಿನ ತಲೆಯಲ್ಲಿರೋ ಹ್ಯಾಂಗರ್ ಪಟ್ಟಿ ಅಲ್ಲಾಡ್ತಿದ್ಯಾ, ಸುತ್ತ ಕಲ್ಲಿಗೆ ತುಕ್ಕಿನ ಕೆಂಪು ಇಳಿದಿದ್ಯಾ ನೋಡಿ, ಆಂಕರಲ್ಲಿ ಯಾವಾಗ್ಲೂ ಎರಡು ಬೋಲ್ಟಿಗೆ ಸಮ ಭಾರ ಬರೋ ಹಾಗೆ ಕಟ್ಕೊಳಿ. ದೂರ ಆಯ್ತು ಅಂತ ನೀವೇ ಡ್ರಿಲ್ ಒಯ್ದು ಹೊಸ ಬೋಲ್ಟ್ ಹೊಡೀಬೇಡಿ. ಅರಣ್ಯದ ಕಲ್ಲಿಗೆ ತೂತು ಮಾಡೋ ಹಕ್ಕು ನಮಗಿಲ್ಲ, ರೂಟ್ ಮಾಡಿದವರನ್ನ ಕೇಳದೆ ಬದಲಾಯಿಸೋದು ನಮ್ಮೊಳಗೂ ಒಪ್ಪೋ ಕೆಲಸ ಅಲ್ಲ. ಬಂಡೆಗೆ ಬಾಣದ ಗುರುತು, ಹೆಸರು, ಪೇಂಟ್ ಇವುಗಳ ಬಗ್ಗೆ ಹೇಳೋದೇ ಬೇಡ ಅನ್ಕೊಳ್ತೀನಿ.

ಹಾಗಾದ್ರೆ ಏನ್ ಮಾಡ್ಬೇಕು? ರಾಜ್ಯ ಸರ್ಕಾರದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಂಡೆ ಹತ್ತೋ ಕೋರ್ಸ್ ನಡೆಸ್ತಾರೆ, ಅಲ್ಲಿ ಒಂದು ಕೋರ್ಸ್ ಮಾಡಿ, ಆಂಕರ್ ಕಟ್ಟೋದು, ರಾಪೆಲ್, ಮಲ್ಟಿಪಿಚ್ ಬಿಲೇ ಕೈಗೆ ಹತ್ತಲಿ. ಆಮೇಲೆ ಸ್ಲ್ಯಾಬಲ್ಲಿ ಪಳಗಿದ ಒಬ್ಬ ಲೀಡರ್ ಜೊತೆ ಸೆಕೆಂಡ್ ಆಗಿ ಹೋಗಿ, ಮೂರು ಜನದ ಬದಲು ಇಬ್ಬಿಬ್ಬರು ಒಂದು ಟೀಮ್ ಆದ್ರೆ ಇನ್ನೂ ಒಳ್ಳೇದು, ಬೇಗ ಮುಗಿಯತ್ತೆ. ಹೋಗೋ ವಾರ ಮತ್ತೆ ಕಚೇರಿಗೆ ಫೋನ್ ಮಾಡಿ ಕೇಳಿ, ನಿಯಮ ಬದಲಾಗ್ತಾ ಇರತ್ತೆ. ಮನೆಯಲ್ಲಿ ಒಬ್ಬರಿಗೆ ‘ಇಷ್ಟು ಹೊತ್ತಿಗೆ ಫೋನ್ ಬಂದಿಲ್ಲ ಅಂದ್ರೆ 112ಕ್ಕೆ ಹೇಳಿ’ ಅಂತ ತಿಳಿಸಿ ಹೋಗಿ. ಮೇಲೆ ತಲುಪಿದ್ಮೇಲೆ ಇಳಿಯೋದು ನಡಿಗೆ ದಾರಿಯಲ್ಲಿ, ಅಲ್ಲಿ ಕ್ಲೈಂಬಿಂಗ್ ಶೂ ಹಾಕ್ಕೊಂಡು ಇಳಿಯೋಕಾಗಲ್ಲ, ಹಗುರದ ಟ್ರೆಕ್ಕಿಂಗ್ ಶೂನ ಹಾರ್ನೆಸ್‌ಗೆ ಸಿಕ್ಕಿಸ್ಕೊಳಿ.

ಕೊನೆಗೆ ನಿಮ್ಮ ಶೂ ಪ್ರಶ್ನೆ. ಜಿಮ್ಮಲ್ಲಿ ಹಾಕೋದು ಮುಂದೆ ಬಾಗಿರೋ ಬಿಗಿ ಶೂ ಆಗಿದ್ರೆ ಬೇಡ, ಅದು ಓವರ್‌ಹ್ಯಾಂಗಲ್ಲಿ ಬೆರಳು ಕೊಕ್ಕೆ ಮಾಡೋಕೆ ಇರೋದು, ಸ್ಲ್ಯಾಬಲ್ಲಿ ರಬ್ಬರ್ ಪೂರ್ತಿ ತಾಗಲ್ಲ, ಎರಡನೇ ಪಿಚ್ಚಿಗೇ ಬೆರಳು ನೋವು ತಡೆಯೋಕಾಗಲ್ಲ. ಚಪ್ಪಟೆ ಅಡಿ, ಮೆತ್ತಗಿನ ರಬ್ಬರ್, ಬೆರಳು ಮಡಚದೆ ನೇರ ಇರೋ ಅಳತೆ ತಗೊಳಿ, ಬಿಗಿನರ್ ಶೂ ಅಂತ ಅಂಗಡಿಯಲ್ಲಿ ಕೊಡೋದೇ ಚೆನ್ನಾಗಿರತ್ತೆ, ಬೆಲೆನೂ ಕಮ್ಮಿ. ಬಂಡೆ ಬುಡಕ್ಕೆ ಬೇರೆ ಚಪ್ಪಲಿಯಲ್ಲಿ ಹೋಗಿ, ಹತ್ತೋ ಮುಂಚೆ ಅಡಿಯ ಮಣ್ಣು ಬಟ್ಟೆಯಲ್ಲಿ ಒರೆಸಿ, ಒಂಚೂರು ಧೂಳಿದ್ರೂ ಮೊದಲ ಹೆಜ್ಜೆಗೇ ಜಾರತ್ತೆ.